ಬೆಟ್ಟ ಹತ್ತದವರು ಉಳಿಸಿದ ಬೆಟ್ಟ

‘ಜನ ಕಾಡು ನೋಡ್ಬೇಕು ರೀ. ನೋಡಿದ್ರೆ ತಾನೇ ಪ್ರೀತಿ ಹುಟ್ಟೋದು? ಪ್ರೀತಿ ಹುಟ್ಟಿದ್ರೆ ತಾನೇ ಉಳಿಸೋದು?’

ಚಾರಣ ಸಂಘಗಳ ಸಭೆಯಲ್ಲಿ, ಪ್ರವಾಸೋದ್ಯಮದ ವಿಚಾರ ಸಂಕಿರಣದಲ್ಲಿ, ವನ್ಯಜೀವಿ ಸಪ್ತಾಹದ ಭಾಷಣದಲ್ಲಿ ಈ ಮಾತು ಯಾರಾದರೊಬ್ಬರ ಬಾಯಲ್ಲಿ ಬಂದೇ ಬರುತ್ತದೆ. ಹೇಳುವವರು ಒಳ್ಳೆಯವರು, ಕಾಡಿನ ಬಗ್ಗೆ ನಿಜವಾದ ಕಾಳಜಿ ಇರುವವರು. ಆದ್ದರಿಂದಲೇ ಇರಬೇಕು, ಈ ಮಾತನ್ನು ಯಾರೂ ತಡೆದು ಪ್ರಶ್ನಿಸುವುದಿಲ್ಲ. ನಾನು ಸ್ವಲ್ಪ ತಡೆದು ಕೇಳಬೇಕೆಂದಿದ್ದೇನೆ. ಬೆಟ್ಟ ಹತ್ತುವವರ ಮೇಲೆ ನನಗೆ ಸಿಟ್ಟಿಲ್ಲ. ಮಂಡಿ ಒಪ್ಪಿದ ಮಟ್ಟಿಗೆ ನಾನೂ ಹತ್ತುವವನೇ. ಹತ್ತುವ ಸುಖ ಬೇರೆ, ಉಳಿಸುವ ಕೆಲಸ ಬೇರೆ ಎಂಬುದಷ್ಟೇ ನನ್ನ ತಕರಾರು. ಮೊದಲನೆಯದನ್ನು ಮಾಡುತ್ತಾ ಹೋದರೆ ಎರಡನೆಯದು ತಾನಾಗಿಯೇ ಆಗುತ್ತದೆ ಎಂದು ನಂಬುವುದಕ್ಕೆ ಚರಿತ್ರೆ ಹೆಚ್ಚು ಆಧಾರ ಕೊಡುವುದಿಲ್ಲ.

ಕುದುರೆಮುಖವನ್ನೇ ನೋಡಿ. ಆ ಬೆಟ್ಟಗಳ ಹೊಟ್ಟೆಯಲ್ಲಿ ಕಬ್ಬಿಣದ ಅದಿರಿದೆ ಎಂದು ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ ಗುರುತಿಸಿದ್ದು 1913ರಲ್ಲಿ. ಆಮೇಲೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಯಾರೂ ಅದರ ತಂಟೆಗೆ ಹೋಗಲಿಲ್ಲ. ಆಗಿನವರಿಗೆ ಪರಿಸರ ಪ್ರಜ್ಞೆ ಇತ್ತೆಂದಲ್ಲ. ಕಡಿದಾದ ಇಳಿಜಾರು, ವರ್ಷದ ನಾಲ್ಕು ತಿಂಗಳು ಬಿಡದೆ ಸುರಿಯುವ ಮಳೆ, ಜಿಗಣೆ, ದಾರಿಯೇ ಇಲ್ಲದ ಕಣಿವೆಗಳು. ಹೋಗುವುದೇ ಕಷ್ಟವಾಗಿದ್ದರಿಂದ ಬೆಟ್ಟ ಬದುಕಿತು. 1969ರಲ್ಲಿ ಮೂವತ್ತು ವರ್ಷಗಳ ಗಣಿ ಗುತ್ತಿಗೆ ಸಿದ್ಧವಾಯಿತು. 1975ರಲ್ಲಿ ಇರಾನಿನ ಶಾ ಆಡಳಿತದೊಂದಿಗೆ ಒಪ್ಪಂದವಾಯಿತು: ಅವರು 63 ಕೋಟಿ ಡಾಲರ್ ಸಾಲ ಕೊಡಬೇಕು, ನಾವು ವರ್ಷಕ್ಕೆ 75 ಲಕ್ಷ ಟನ್ ಸಾಂದ್ರೀಕರಿಸಿದ ಅದಿರು ಕಳಿಸಬೇಕು. ಮರುವರ್ಷ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಹುಟ್ಟಿತು. ಕಾರ್ಖಾನೆ ಎದ್ದು ನಿಲ್ಲುವ ಹೊತ್ತಿಗೆ ಇರಾನಿನಲ್ಲಿ ಕ್ರಾಂತಿಯಾಗಿ ಶಾ ದೇಶ ಬಿಟ್ಟಿದ್ದರು. ಯಾರಿಗೆಂದು ಅಗೆಯಲು ಹೊರಟಿದ್ದೆವೋ ಆ ಗಿರಾಕಿಯೇ ಮಾಯವಾದರೂ ಅಗೆತ ನಿಲ್ಲಲಿಲ್ಲ. ಬೇರೆ ಗಿರಾಕಿಗಳನ್ನು ಹುಡುಕಿಕೊಂಡರು.

ಅಲ್ಲಿಯ ಅದಿರು ಕಳಪೆ ದರ್ಜೆಯದು. ಅಗೆದ ಮೂರು ಪಾಲಿನಲ್ಲಿ ಸುಮಾರು ಎರಡು ಪಾಲು ನುಣ್ಣನೆಯ ಹುಡಿಯಾಗಿ ಉಳಿಯುತ್ತಿತ್ತು. ಬೇರ್ಪಡಿಸಿದ ಅದಿರು ನೀರಿನೊಂದಿಗೆ ಕೊಳವೆಯಲ್ಲಿ ಘಟ್ಟ ಇಳಿದು ಮಂಗಳೂರು ಸೇರಿತು. ಉಳಿದ ಹುಡಿಯನ್ನು ಎಲ್ಲಿ ಇಡುವುದು? ಭದ್ರೆಯ ಉಪನದಿ ಲಕ್ಯಾ ಹೊಳೆಗೆ ಸುಮಾರು 100 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿ ಅದರ ಹಿಂದೆ ತುಂಬಿದರು. ಒಂದು ಇಡೀ ಕಣಿವೆ ಹೀಗೆ ಗಣಿಯ ತ್ಯಾಜ್ಯದಡಿ ಮುಳುಗಿತು.

ನನ್ನ ವಾದಕ್ಕೆ ಬೇಕಾದ ವಿಷಯ ಈಗ ಬಂತು. ಗಣಿ ನಡೆದ ವರ್ಷಗಳಲ್ಲಿ ಕುದುರೆಮುಖಕ್ಕೆ ಜನ ಬರುತ್ತಿರಲಿಲ್ಲವೆ? ಧಾರಾಳವಾಗಿ ಬರುತ್ತಿದ್ದರು. ಒಳ್ಳೆಯ ರಸ್ತೆ, ಅಚ್ಚುಕಟ್ಟಾದ ಟೌನ್‌ಶಿಪ್, ಉಳಿಯಲು ವ್ಯವಸ್ಥೆ ಎಲ್ಲವೂ ಇದ್ದವು. ಶಿಖರ ಹತ್ತುವವರು ಹತ್ತಿದರು. ಸುತ್ತಲಿನ ಪ್ರೇಕ್ಷಣೀಯ ಸ್ಥಳಗಳ ಪಟ್ಟಿಯಲ್ಲಿ ಹನುಮಾನ್ ಗುಂಡಿ ಜಲಪಾತದ ಜೊತೆಗೆ ಲಕ್ಯಾ ಅಣೆಕಟ್ಟೂ ಸೇರಿತ್ತು! ಹಿನ್ನೀರಿನ ಮುಂದೆ ಸಂಸಾರ ಸಮೇತ ನಿಂತು ಫೋಟೊ ತೆಗೆಸಿಕೊಂಡವರು ಎಷ್ಟೋ ಮಂದಿ. ಅವರು ಕಣ್ಣಾರೆ ಕಂಡದ್ದು ಮಲೆಗಳ ನಡುವಿನ ಸೊಗಸಾದ ಕೆರೆ. ಆ ಕೆರೆಯ ತಳದಲ್ಲಿ ಏನಿದೆ ಎಂದು ನೋಟ ಹೇಳಲಿಲ್ಲ. ಅದನ್ನು ಹೇಳಲು ಬೇರೆ ಥರದ ಕಣ್ಣು ಬೇಕಿತ್ತು.

ಆ ಕಣ್ಣು ಇದ್ದವರು ಕೆಲವರೇ. 1980ರ ದಶಕದಲ್ಲಿ ಉಲ್ಲಾಸ ಕಾರಂತರು ಸಿಂಗಳೀಕಗಳ ಸಮೀಕ್ಷೆಗಾಗಿ ಆ ಕಾಡುಗಳಲ್ಲಿ ಅಲೆದರು. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನ ಘೋಷಣೆಯಾಗುವುದರ ಹಿಂದೆ ಆ ಕೆಲಸವಿತ್ತು. ಹೊಳೆ ನೀರನ್ನು ಬಾಟಲಿಯಲ್ಲಿ ಹಿಡಿದು, ಮಳೆಗಾಲದಲ್ಲಿ ಎಷ್ಟು ಮಣ್ಣು ಭದ್ರೆಗೆ ಇಳಿಯುತ್ತಿದೆ ಎಂದು ಅಳೆದವರು ಇನ್ನು ಕೆಲವರು. ಗುತ್ತಿಗೆಯ ಮೂವತ್ತು ವರ್ಷ 1999ಕ್ಕೆ ಮುಗಿದು, ಗಣಿಯನ್ನು ಗಂಗಡಿಕಲ್ಲು, ನೆಲ್ಲಿಬೀಡುಗಳ ಕಡೆ ವಿಸ್ತರಿಸುವ ಮಾತು ಬಂದಾಗ ನಾಗರಹೊಳೆಯಲ್ಲಿ ರೇಂಜರ್ ಆಗಿದ್ದ ಕೊಡಗಿನ ಕೆ.ಎಂ. ಚಿಣ್ಣಪ್ಪ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಕಾಡುಗಳ ಕುರಿತ ಗೋದಾವರ್ಮನ್ ಪ್ರಕರಣದೊಳಗೆ ಸೇರಿಕೊಂಡ ಆ ಅರ್ಜಿಯ ಮೇಲೆ 2002ರ ಅಕ್ಟೋಬರ್ 30ರಂದು ತೀರ್ಪು ಬಂತು. 2005ರ ಕೊನೆಗೆ ಗಣಿ ನಿಂತಿತು. ಹೊರಗಡೆ ‘ತುಂಗಾ ಮೂಲ ಉಳಿಸಿ’ ಎಂಬ ಕೂಗಿಗೆ ನದಿ ಪಾತ್ರದ ಉದ್ದಕ್ಕೂ ಜನ ಓಗೊಟ್ಟಿದ್ದರು. ತುಂಗೆಯ, ಭದ್ರೆಯ ನೀರು ನಂಬಿದ ರೈತ ಗಂಗಡಿಕಲ್ಲಿನ ನೆತ್ತಿ ಹತ್ತಿ, ಸೂರ್ಯೋದಯ ನೋಡಿ, ಪ್ರೀತಿ ಹುಟ್ಟಿಸಿಕೊಂಡು, ಆಮೇಲೆ ಪ್ರತಿಭಟನೆಗೆ ಬರಬೇಕಾದ ಅಗತ್ಯವಿರಲಿಲ್ಲ. ತನ್ನ ಗದ್ದೆಯ ನೀರು ಎಲ್ಲಿಂದ ಬರುತ್ತದೆಂದು ಅವನಿಗೆ ಗೊತ್ತಿತ್ತು.

ಹಾಗಾದರೆ ಕುದುರೆಮುಖವನ್ನು ಉಳಿಸಿದ್ದು ಯಾರು? ಬಹಳ ಹತ್ತಿರದಿಂದ, ಬಹಳ ಕಾಲ ನೋಡಿದ ಕೆಲವರು; ಅವರ ಮಾತನ್ನು ನಂಬಿದ, ಸ್ವತಃ ನೋಡದ ಹಲವರು. ನಡುವಿನವರು, ಅಂದರೆ ಶನಿವಾರ ಬಂದು ಭಾನುವಾರ ಹೋದವರು, ಈ ಕಥೆಯಲ್ಲಿ ಹೆಚ್ಚು ಕಡೆ ಕಾಣಿಸುವುದಿಲ್ಲ. ಅವರನ್ನು ಹಳಿಯುತ್ತಿಲ್ಲ. ಮಾಡದ ಕೆಲಸದ ಕೀರ್ತಿಯನ್ನು ಅವರ ತಲೆಗೆ ಕಟ್ಟಬೇಡಿ ಎನ್ನುತ್ತಿದ್ದೇನೆ, ಅಷ್ಟೆ.

ಇದಕ್ಕೆ ಎದುರುವಾದ ಉಂಟು, ಅದು ಗಟ್ಟಿಯಾದದ್ದೂ ಹೌದು. ಓದಿಕೊಂಡ ಮಿತ್ರರು ಅಮೆರಿಕದ ಗ್ಲೆನ್ ಕಣಿವೆಯ ಉದಾಹರಣೆ ಮುಂದಿಡುತ್ತಾರೆ. ಕೊಲರಾಡೊ ನದಿ ಕೆಂಪು ಮರಳುಗಲ್ಲಿನಲ್ಲಿ ಕೊರೆದ, ಸುಮಾರು 270 ಕಿಲೊಮೀಟರ್ ಉದ್ದದ ಅದ್ಭುತ ಅದು. 1950ರ ದಶಕದಲ್ಲಿ ಅಲ್ಲಿನ ಸಂರಕ್ಷಣಾವಾದಿಗಳು ಡೈನೊಸಾರ್ ರಾಷ್ಟ್ರೀಯ ಸ್ಮಾರಕದೊಳಗಿನ ಎಕೊ ಪಾರ್ಕ್ ಎಂಬ ಜಾಗವನ್ನು ಅಣೆಕಟ್ಟಿನಿಂದ ಉಳಿಸಲು ಹೋರಾಡಿದರು, 1956ರಲ್ಲಿ ಗೆದ್ದರು. ಆ ರಾಜಿಯಲ್ಲಿ ಗ್ಲೆನ್ ಕಣಿವೆಯ ಅಣೆಕಟ್ಟಿಗೆ ಅಡ್ಡಿ ಮಾಡದೆ ಬಿಟ್ಟುಕೊಟ್ಟರು. ಸಂರಕ್ಷಣಾ ಸಂಘಟನೆಯಾದ ಸಿಯೆರಾ ಕ್ಲಬ್ಬಿನ ಮುಂದಾಳು ಡೇವಿಡ್ ಬ್ರೋವರ್ ಆ ಕಣಿವೆಯನ್ನು ಆಗ ನೋಡಿಯೇ ಇರಲಿಲ್ಲ. ನೋಡಿದಾಗ ಕಾಲ ಮಿಂಚಿತ್ತು. 1963ರಲ್ಲಿ ಅಣೆಕಟ್ಟಿನ ಬಾಗಿಲು ಮುಚ್ಚಿತು, ಕಣಿವೆ ಪೊವೆಲ್ ಸರೋವರದ ತಳ ಸೇರಿತು. ಬ್ರೋವರ್ ಜೀವನಪರ್ಯಂತ ಅದಕ್ಕಾಗಿ ಹಲುಬಿದರು. ಬಾಗಿಲು ಮುಚ್ಚಿದ ವರ್ಷವೇ ಆ ಕಣಿವೆಯ ಬಗ್ಗೆ ಎಲಿಯಟ್ ಪೋರ್ಟರ್ ಅವರ ಛಾಯಾಚಿತ್ರಗಳ ಪುಸ್ತಕ ಬಂತು, ಯಾರೂ ಅರಿಯದ ಜಾಗ ಎಂಬರ್ಥದ ಶೀರ್ಷಿಕೆ ಹೊತ್ತು. ‘ನೋಡಿ, ಜನ ಹೋಗಿ ನೋಡಿದ್ದರೆ ಉಳಿಯುತ್ತಿತ್ತು’ ಎನ್ನುತ್ತಾರೆ ಮಿತ್ರರು.

ಒಪ್ಪೋಣ, ಆದರೆ ಅದೇ ಕಥೆಯ ಇನ್ನೊಂದು ಅರ್ಧವನ್ನೂ ಓದೋಣ. ಎಕೊ ಪಾರ್ಕ್ ಗೆದ್ದದ್ದು ಹೇಗೆ? ದೋಣಿಯಲ್ಲಿ ಆ ನದಿಯಿಳಿದು ಬಂದವರು ಇದ್ದರು ನಿಜ, ಅವರ ಪಾತ್ರವೂ ಇತ್ತು. ಆದರೆ ದೇಶದ ಮೂಲೆಮೂಲೆಯಿಂದ ಸಂಸದರಿಗೆ ಹರಿದುಬಂದ ಪತ್ರಗಳನ್ನು ಬರೆದವರಲ್ಲಿ ಹೆಚ್ಚಿನವರಿಗೆ ಆ ಜಾಗ ಗೊತ್ತಿದ್ದುದು ಚಿತ್ರದಲ್ಲಿ, ಲೇಖನದಲ್ಲಿ. 1955ರಲ್ಲಿ ಕಾದಂಬರಿಕಾರ ವಾಲೆಸ್ ಸ್ಟೆಗ್ನರ್ ಸಂಪಾದಿಸಿದ ಪುಸ್ತಕವೊಂದನ್ನು ಸಂಸತ್ತಿನ ಸದಸ್ಯರಿಗೆ ಹಂಚಿದರು. ಗ್ಲೆನ್ ಕಣಿವೆಗೆ ಕೊರತೆಯಾದದ್ದು ಜನಜಂಗುಳಿ ಅಲ್ಲ. ಬಲ್ಲ ಹತ್ತಾರು ಜನ ಮತ್ತು ಒಂದು ಪುಸ್ತಕ. ಪೋರ್ಟರ್ ಅವರ ಪುಸ್ತಕ ಏಳೆಂಟು ವರ್ಷ ತಡವಾಗಿ ಬಂತು. 1960ರಲ್ಲಿ ಇದೇ ಸ್ಟೆಗ್ನರ್ ಬರೆದ ಪತ್ರವೊಂದು ಅಮೆರಿಕದಲ್ಲಿ ಪ್ರಸಿದ್ಧ. ಒಳಗೆ ಕಾಲಿಡದಿದ್ದರೂ ಸರಿ, ಅಂಥ ಕಾಡು ಅಲ್ಲಿ ಇದೆ ಎಂದು ತಿಳಿದಿರುವುದೇ ಮನುಷ್ಯನಿಗೆ ಬೇಕಾದದ್ದು ಎಂಬುದು ಅದರ ತಿರುಳು. ನಾಲ್ಕು ವರ್ಷಗಳ ನಂತರ ಅಲ್ಲಿ ವನ್ಯಪ್ರದೇಶ ಕಾಯ್ದೆ ಬಂತು.

ಕಾಲಿಡದೆಯೇ ಕಾಡನ್ನು ಅರಿಯುವುದು ನಮಗೂ ಹೊಸದಲ್ಲ. ಕುಮಾರಪರ್ವತದ ಮಗ್ಗುಲಿನ ಕಾಡನ್ನು ಕನ್ನಡಿಗರಲ್ಲಿ ಎಷ್ಟೋ ಮಂದಿ ಮೊದಲು ಕಂಡದ್ದು ಶಿವರಾಮ ಕಾರಂತರ ‘ಬೆಟ್ಟದ ಜೀವ’ದಲ್ಲಿ, ಕುರ್ಚಿಯಲ್ಲಿ ಕುಳಿತು.

ಕುಮಾರಪರ್ವತದ ಹೆಸರು ಬಂದದ್ದರಿಂದ 2024ರ ಜನವರಿಯನ್ನು ನೆನಪಿಸದೆ ಮುಂದೆ ಹೋಗಲಾಗದು. ಗಣರಾಜ್ಯೋತ್ಸವದ ರಜೆಯಲ್ಲಿ ಅಲ್ಲಿ ಸೇರಿದ ಜನಸಂದಣಿಯ ಚಿತ್ರ ಎಲ್ಲರ ಮೊಬೈಲಿನಲ್ಲೂ ಓಡಾಡಿತು. ಸರ್ಕಾರ ಗಾಬರಿಬಿದ್ದು ಆನ್‌ಲೈನ್ ಟಿಕೆಟ್ ಇಲ್ಲದ ಹಾದಿಗಳಲ್ಲಿ ಚಾರಣ ನಿಲ್ಲಿಸಿತು. ಆ ವರ್ಷವೇ ಹೊಸ ಜಾಲತಾಣ ಬಂತು, ಹಾದಿಯೊಂದಕ್ಕೆ ದಿನಕ್ಕೆ 300 ಜನರ ಮಿತಿ ಬಂತು. ಆಗ ಕೇಳಿಬಂದ ಎರಡನೆಯ ವಾದ ಹಕ್ಕಿನದು. ಕಾಡು ಸಾರ್ವಜನಿಕರ ಸ್ವತ್ತು, ಅರಣ್ಯ ಇಲಾಖೆ ಬರೀ ಕಾವಲುಗಾರ, ಮಾಲೀಕನನ್ನೇ ಕಾವಲುಗಾರ ಬಾಗಿಲಲ್ಲಿ ತಡೆಯುವುದೆ?

ಕೇಳಲು ಚೆನ್ನಾಗಿದೆ. ಆದರೆ ಸಾರ್ವಜನಿಕ ಸ್ವತ್ತು ಎಂದರೆ ಇವತ್ತು ಹೋಗಲು ಬಿಡುವಿರುವ ನನ್ನದು ಮಾತ್ರ ಅಲ್ಲವಲ್ಲ. ಹೊಸಪೇಟೆಯಲ್ಲಿ ತುಂಗಭದ್ರೆಯ ನೀರು ಕುಡಿಯುವವನದೂ ಹೌದು, ಇನ್ನೂ ಹುಟ್ಟದವನದೂ ಹೌದು. ಇವರಲ್ಲಿ ಬಹುಮಂದಿಗೆ ಕಾಡಿನಿಂದ ಬೇಕಾದದ್ದು ಒಳಗೆ ಹೋಗುವ ಅವಕಾಶವಲ್ಲ. ಅದು ಅಲ್ಲೇ ಇದ್ದರೆ ಸಾಕು. ಜಲಾಶಯವೂ ಸಾರ್ವಜನಿಕರದೇ, ಹಾಗೆಂದು ಕ್ರಸ್ಟ್ ಗೇಟಿನ ಚಕ್ರ ತಿರುಗಿಸಲು ನಾವು ಸಾಲುಗಟ್ಟುವುದಿಲ್ಲ.

ನಡೆದರೆ ಏನಾಗಿಬಿಡುತ್ತದೆ, ಹುಲ್ಲು ಮತ್ತೆ ಚಿಗುರುವುದಿಲ್ಲವೆ ಎಂದು ಕೇಳುವವರು ಘಟ್ಟದ ನೆತ್ತಿಯ ರಚನೆಯನ್ನು ಗಮನಿಸಬೇಕು. ಅಲ್ಲಿ ಇಳಿಜಾರಿನ ತುಂಬ ಹುಲ್ಲು, ನೀರು ನಿಲ್ಲುವ ಮಡಿಕೆಗಳಲ್ಲಿ ಮಾತ್ರ ಶೋಲಾ ಕಾಡು. ಹುಲ್ಲಿನಡಿಯ ಮಣ್ಣಿನ ಪದರ ತೆಳು. ಬೂಟಿನ ತುಳಿತಕ್ಕೆ ಮಣ್ಣು ಗಟ್ಟಿಯಾಗುತ್ತದೆ, ಹುಲ್ಲಿನ ಬೇರು ಸಾಯುತ್ತದೆ. ಮೊದಲ ಜೋರು ಮಳೆಗೆ ನೀರು ಇಂಗಲಾರದೆ ಆ ಗೆರೆಯನ್ನೇ ಹಿಡಿದು ಓಡುತ್ತದೆ. ಕಾಲುದಾರಿ ಕಾಲುವೆಯಾಗುತ್ತದೆ. ಕೊರಕಲು ಬಿದ್ದು ಜಾರುವ ದಾರಿಯನ್ನು ಬಿಟ್ಟು ಮುಂದಿನ ತಂಡ ಪಕ್ಕದ ಹುಲ್ಲಿನ ಮೇಲೆ ಕಾಲಿಡುತ್ತದೆ, ಅದರ ಮುಂದಿನದು ಇನ್ನೂ ಪಕ್ಕಕ್ಕೆ. ಒಂದಾಗಿದ್ದ ಹಾದಿ ನಾಲ್ಕಾಗುತ್ತದೆ. ಇದರಲ್ಲಿ ಯಾರೂ ಕೆಟ್ಟವರಲ್ಲ, ಯಾರೂ ಪ್ಲಾಸ್ಟಿಕ್ ಎಸೆದಿಲ್ಲ. ‘ನಾವು ಕಸ ಹಾಕುವುದಿಲ್ಲ, ಬೇರೆಯವರ ಕಸವನ್ನೂ ಹೆಕ್ಕಿ ತರುತ್ತೇವೆ’ ಎಂದು ಹೆಮ್ಮೆಪಡುವ ಶಿಸ್ತಿನ ಚಾರಣಿಗರ ಕಾಲಿಗೂ ತೂಕವಿದೆ. ಮಳೆಗಾಲದ ಮಂಜಿನಲ್ಲೇ ಹತ್ತಬೇಕೆಂಬ ಈಚಿನ ಷೋಕಿಯಂತೂ ಮಣ್ಣು ಅತಿ ಮೆತ್ತಗಿರುವ ತಿಂಗಳುಗಳನ್ನೇ ಆರಿಸಿಕೊಂಡಿದೆ.

ಹಾಗಾದರೆ ಬಾಗಿಲು ಹಾಕಿ ಬೀಗ ಜಡಿದುಬಿಡೋಣವೆ? ಅದನ್ನೂ ಒಮ್ಮೆ ಮಾಡಿ ನೋಡಿದ್ದೇವೆ, ಉತ್ತರಾಖಂಡದ ನಂದಾದೇವಿಯಲ್ಲಿ. 7,816 ಮೀಟರ್ ಎತ್ತರದ ಆ ಶಿಖರದ ಸುತ್ತ ಹಿಮಪರ್ವತಗಳದೇ ಕೋಟೆ. ಒಳಗಿನ ಹುಲ್ಲುಗಾವಲಿಗೆ ಹೋಗಲು ಋಷಿಗಂಗೆ ಕೊರೆದ ಕಮರಿಯೊಂದೇ ದಾರಿ. ಎರಿಕ್ ಶಿಪ್ಟನ್, ಬಿಲ್ ಟಿಲ್ಮನ್ ಮತ್ತು ಮೂವರು ಶೆರ್ಪಾಗಳು 1934ರಲ್ಲಿ ಆ ಕಮರಿ ದಾಟಿ ಒಳಹೊಕ್ಕರು. ಎರಡು ವರ್ಷದ ನಂತರ ಟಿಲ್ಮನ್ ಮತ್ತು ನೋಯೆಲ್ ಓಡೆಲ್ ಶಿಖರ ಮುಟ್ಟಿದರು. 1974ರಲ್ಲಿ ವಿದೇಶಿಯರಿಗೆ ಬಾಗಿಲು ತೆರೆದದ್ದೇ ತಡ, ತಂಡದ ಹಿಂದೆ ತಂಡ, ತಂಡಕ್ಕೊಂದು ಹಮಾಲರ ಸೈನ್ಯ. ಉರುವಲಿಗೆ ಗಿಡಗಂಟಿ ಕಡಿದರು, ಡಬ್ಬಿ ಬಾಟಲಿ ಬಿಟ್ಟುಬಂದರು. ನಂದಾದೇವಿಯನ್ನು ಆರಾಧಿಸುವಷ್ಟು ಪ್ರೀತಿಸಿದವರೇ ಇವರೆಲ್ಲ, ನೆನಪಿರಲಿ. 1980ರ ದಶಕದ ಆರಂಭದಲ್ಲಿ ಸರ್ಕಾರ ಅದನ್ನು ರಾಷ್ಟ್ರೀಯ ಉದ್ಯಾನ ಮಾಡಿ ಪೂರ್ತಿ ಮುಚ್ಚಿತು. 1993ರಲ್ಲಿ ವಿಜ್ಞಾನಿಗಳನ್ನು ಕರೆದುಕೊಂಡು ಸೇನೆಯ ತಂಡ ಒಳಹೋದಾಗ ಸಸ್ಯವರ್ಗ ಚೇತರಿಸಿಕೊಂಡದ್ದು ಕಂಡಿತು.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ವಾದಕ್ಕೆ ಒಳ್ಳೆಯದಿತ್ತು. ಆದರೆ ಮುಚ್ಚಿದ ಬಾಗಿಲು ಪರ್ವತಾರೋಹಿಗಳನ್ನು ಮಾತ್ರ ಹೊರಗಿಡಲಿಲ್ಲ. ಕೆಳಗಿನ ಲಾತಾ, ರೇಣಿ ಹಳ್ಳಿಗಳ ಭೋಟಿಯಾ ಜನರ ಮೇವಿನ ಜಾಗ, ಗಿಡಮೂಲಿಕೆ, ಹಮಾಲಿಯ ದುಡಿಮೆ ಎಲ್ಲಕ್ಕೂ ಅದೇ ಬೀಗ ಬಿತ್ತು. ರೇಣಿ ಯಾವ ಊರು? 1974ರಲ್ಲಿ ಗೌರಾದೇವಿ ಮತ್ತು ಅವರ ಸಂಗಡಿಗ ಹೆಂಗಸರು ಗುತ್ತಿಗೆದಾರನ ಕೊಡಲಿಗೆ ಅಡ್ಡ ನಿಂತ, ಚಿಪ್ಕೊ ಚಳವಳಿಯ ರೇಣಿಯೇ ಅದು. ಕಾಡು ಉಳಿಸಿದವರನ್ನೇ ಕಾಡಿನಿಂದ ಹೊರಗಿಟ್ಟೆವು. ಅದು ಸಾಲದೆಂಬಂತೆ, ಯಾರೂ ಕಾಲಿಡಕೂಡದೆಂದು ಕಾಯ್ದ ಆ ಕಣಿವೆಯ ಹೊಸ್ತಿಲಲ್ಲೇ ಋಷಿಗಂಗೆಗೆ 13.2 ಮೆಗಾವಾಟಿನ ವಿದ್ಯುತ್ ಯೋಜನೆ ಕಟ್ಟಿದರು. 2021ರ ಫೆಬ್ರುವರಿ 7ರಂದು ಬಂಡೆ ಮತ್ತು ಹಿಮದ ರಾಶಿ ಮೇಲಿಂದ ಕುಸಿದು ಪ್ರವಾಹವಾಗಿ ಬಂದಾಗ ಅದು ಕೊಚ್ಚಿಹೋಯಿತು. ನಡೆದು ಬರುವವನಿಗೆ ಬಾಗಿಲು ಹಾಕಿ ಬುಲ್ಡೋಜರಿಗೆ ತೆರೆದಿಡುವುದಕ್ಕೆ ಸಂರಕ್ಷಣೆ ಎನ್ನಲಾಗದು. ಚಾರಣಿಗ ಮಿತ್ರರ ಕೋಪದಲ್ಲಿ ನನಗೂ ಪಾಲಿರುವುದು ಇಲ್ಲೇ: ಕಾಲುದಾರಿಗೆ ಮಿತಿ ಹೇರುವಾಗ ತೋರಿಸುವ ಚುರುಕನ್ನು ಸರ್ಕಾರಗಳು ರಸ್ತೆ ಅಗಲೀಕರಣದ, ರೆಸಾರ್ಟಿನ ಕಡತದ ಮುಂದೆ ತೋರಿಸಿದ್ದು ಅಪರೂಪ.

ನಡೆಯುವವರಿಲ್ಲದ ಕಾಡಿನಲ್ಲಿ ಸಾಕ್ಷಿಯ ಕಣ್ಣೇ ಇರುವುದಿಲ್ಲ ಎಂಬ ಮಾತನ್ನೂ ಕೇಳಿದ್ದೇನೆ. ಕಣ್ಣು ಬೇಕು, ಖಂಡಿತ. ಆದರೆ ವರ್ಷಕ್ಕೊಮ್ಮೆ ಗುರುತಿನ ಹಾದಿಯಲ್ಲಿ ಹತ್ತಿ ಅದೇ ಹಾದಿಯಲ್ಲಿ ಇಳಿಯುವವನಿಗೆ ಕಳೆದ ವರ್ಷ ಅಲ್ಲಿ ಏನಿತ್ತೆಂದು ಗೊತ್ತಿರುವುದಿಲ್ಲ. ದಿನಗೂಲಿಯ ಫಾರೆಸ್ಟ್ ವಾಚರಿಗೆ ಗೊತ್ತು. ಕಾಡಂಚಿನ ಮಲೆಕುಡಿಯರಿಗೆ ಗೊತ್ತು. ಅವರ ಮಾತು ಬೆಂಗಳೂರಿಗೆ ತಲಪದಿರುವುದು ಬೇರೆಯದೇ ಸಮಸ್ಯೆ; ಇನ್ನಷ್ಟು ಟೆಂಪೊ ಟ್ರಾವೆಲರ್‌ಗಳಿಂದ ಅದು ಪರಿಹಾರವಾಗದು.

ಉಳಿದದ್ದು ಹೊಟ್ಟೆಪಾಡಿನ ಪ್ರಶ್ನೆ. ಕಳಸದ ಕಡೆಯಿಂದ ಬಂದು, ಸಂಸೆ, ಬಾಳೆಗಲ್ಲು ದಾಟಿ ಮುಳ್ಳೋಡಿಗೆ ಜೀಪು ಓಡಿಸುವವರು, ಅಲ್ಲಿ ಹೋಂ ಸ್ಟೇ ನಡೆಸುವವರು, ಗೈಡ್ ಕೆಲಸ ಮಾಡುವ ಹುಡುಗರು ಇದನ್ನೇ ನಂಬಿದ್ದಾರೆ. ಉದ್ಯಾನದೊಳಗೆ ಸಿಕ್ಕಿಬಿದ್ದು, ರಸ್ತೆ ಕರೆಂಟಿಗೂ ಇಲಾಖೆಯ ಮುಖ ನೋಡಬೇಕಾದ ಕುಟುಂಬಗಳಿಗೆ ಕೈಗೆ ನಾಲ್ಕು ಕಾಸು ಸಿಗುವ ದಾರಿ ಇದು. ಈ ವಾದಕ್ಕೆ ನಾನು ತಲೆಬಾಗುತ್ತೇನೆ. ಆದರೆ ಅದನ್ನು ಜೀವನೋಪಾಯದ ವಾದವೆಂದೇ ಮಂಡಿಸೋಣ, ಸಂರಕ್ಷಣೆಯ ಹೆಸರಿನಲ್ಲಿ ಬೇಡ. ಜೀವನೋಪಾಯ ಎಂದೊಪ್ಪಿಕೊಂಡರೆ, ಎಷ್ಟು ಜನ ಬಂದರೆ ಅವರ ಬದುಕು ನಡೆಯುತ್ತದೆ, ಟಿಕೆಟ್ಟಿನ ಹಣದಲ್ಲಿ ಅವರ ಪಾಲೆಷ್ಟು, ಬೆಂಗಳೂರಿನ ಟ್ರೆಕ್ಕಿಂಗ್ ಕಂಪನಿಯ ಪಾಲೆಷ್ಟು ಎಂದು ಕೇಳುವುದಕ್ಕಾದರೂ ಬರುತ್ತದೆ.

ಹಾಗಾಗಿ ನನ್ನ ಬೇಡಿಕೆ ಸಣ್ಣದು, ಸ್ವಲ್ಪ ಅಪ್ರಿಯವೂ ಇರಬಹುದು. ಈಗಿರುವ ಹಾದಿಗಳಲ್ಲಿ ಕೆಲವನ್ನು ತೆರೆದಿಡಲಿ. ಹೊಸ ಶಿಖರಗಳನ್ನು ‘ಪರಿಚಯಿಸುವ’ ಉತ್ಸಾಹ ಬೇಡ. ಅರ್ಧದಷ್ಟು ಬೆಟ್ಟಗಳಿಗಾದರೂ ಹಾದಿಯೇ ಇಲ್ಲದಿರಲಿ. ತೆರೆದ ಹಾದಿಗಳಿಗೆ ಮೊದಲು ಬಂದವರಿಗೆ ಮೊದಲು ಎಂಬ ಪದ್ಧತಿ ಬಿಟ್ಟು ಚೀಟಿ ಎತ್ತಲಿ. ಈಗ ಟಿಕೆಟ್ ಸಿಗುವುದು ವೇಗದ ಇಂಟರ್ನೆಟ್ ಇರುವವನಿಗೆ, ಕಂಪನಿ ಕಟ್ಟಿಕೊಂಡು ಒಟ್ಟಿಗೆ ಬುಕ್ ಮಾಡುವವನಿಗೆ. ಶುಲ್ಕ ಏರಿಸಿ ಸಂಖ್ಯೆ ಇಳಿಸಿದರೆ ಬೆಟ್ಟ ದುಡ್ಡಿದ್ದವರದಾಗುತ್ತದೆ. ಅಮೆರಿಕದ ಅರಿಜೋನ–ಯೂಟಾ ಗಡಿಯಲ್ಲಿ ‘ದಿ ವೇವ್’ ಎಂಬ ಅಲೆಯಾಕಾರದ ಮರಳುಗಲ್ಲಿನ ತಾಣವಿದೆ, ಅದೂ ಸರ್ಕಾರಿ ಭೂಮಿ. ದಿನಕ್ಕೆ 64 ಜನ, ಲಾಟರಿ ಮೂಲಕ. ಮೊದಲು 20 ಜನಕ್ಕಷ್ಟೇ ಇತ್ತು. ಅರ್ಜಿ ಹಾಕಿದವರಲ್ಲಿ ಹೆಚ್ಚಿನವರಿಗೆ ಸಿಗುವುದಿಲ್ಲ, ಮತ್ತೆ ಹಾಕುತ್ತಾರೆ, ಮತ್ತೆ ಸಿಗುವುದಿಲ್ಲ. ಕುದುರೆಮುಖ ಹತ್ತದೆಯೇ ಆಯುಷ್ಯ ಮುಗಿಯಬಹುದು ಎಂಬ ಸಾಧ್ಯತೆಗೆ ನಾವೂ ಒಗ್ಗಿಕೊಳ್ಳಬಹುದು. ಮಲೆಕುಡಿಯರ, ಊರವರ ಹೆಸರು ಮಾತ್ರ ಆ ಚೀಟಿಗಳ ಜೊತೆ ಬೆರೆಯಕೂಡದು. ರೇಣಿಯಲ್ಲಿ ಮಾಡಿದ್ದನ್ನು ಇಲ್ಲೂ ಮಾಡಬೇಕಿಲ್ಲ.

ದಿನಕ್ಕೆ ಎಷ್ಟು ಜನ ಎಂಬುದನ್ನು ಯಾರು ನಿರ್ಧರಿಸಬೇಕು? 300 ಎಂಬುದು ದುಂಡು ಸಂಖ್ಯೆ, ಕಚೇರಿಯ ಮೇಜಿಗೆ ಅನುಕೂಲ. ಬೆಟ್ಟಗಳು ಒಂದೇ ಸಮ ಇರುವುದಿಲ್ಲ. ಮಳೆಗಾಲ ಮುಗಿದ ಮೇಲೆ ಹಾದಿಯ ಹತ್ತಿಪ್ಪತ್ತು ಕಡೆ ಗುರುತು ಹಾಕಿದ ಜಾಗದಲ್ಲಿ ಅದರ ಅಗಲ, ಕೊರಕಲಿನ ಆಳ ಅಳೆದು ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಲಿ. ಕಳೆದ ವರ್ಷಕ್ಕಿಂತ ಹೆಚ್ಚಾಗಿದ್ದರೆ ಸಂಖ್ಯೆ ಇಳಿಯಲಿ, ಹುಲ್ಲು ಹಿಂದಕ್ಕೆ ಬಂದಿದ್ದರೆ ಏರಲಿ. ಇದಕ್ಕೆ ಉಪಗ್ರಹವಾಗಲಿ ಸಲಹಾ ಸಂಸ್ಥೆಯಾಗಲಿ ಬೇಕಿಲ್ಲ. ಒಂದು ಟೇಪು, ಒಂದು ರಿಜಿಸ್ಟರು, ಅಳೆಯುವವರಿಗೆ ಕೂಲಿ. ಮುಳ್ಳೋಡಿಯಲ್ಲಿ ಈ ಕೆಲಸ ಬಲ್ಲ ಹುಡುಗರಿದ್ದಾರೆ.